ಅವಧಿ ಮೀರಿದ ಹೆಸರಿಗೆ ಕಾದು ಕುಳಿತವರು

2022ರ ಜುಲೈ ತಿಂಗಳ ಒಂದು ಬೆಳಿಗ್ಗೆ ಅಪರಿಚಿತರೊಬ್ಬರು ನನಗೆ ದೂರವಾಣಿ ಕರೆ ಮಾಡಿದರು. ಅವರ ಮಗಳು ಪಿಯುಸಿ ಮುಗಿಸಿದ್ದಳು. ನನ್ನ ಹುಟ್ಟೂರಿನಲ್ಲಿ ನಾವು ಕೆಲವರು ಸೇರಿ ನಡೆಸುತ್ತಿರುವ ಸಣ್ಣ ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಆಕೆ ಅರ್ಜಿ ಹಾಕಬೇಕಿತ್ತು. ‘ಸ್ವಾಮಿ, ನಿಮ್ಮ ವೆಬ್‌ಸೈಟ್ ತೆರೆದರೆ ಇಸ್ಪೀಟು ಆಡಿ ದುಡ್ಡು ಗೆಲ್ಲಿ ಅಂತ ಬರುತ್ತಿದೆಯಲ್ಲ, ಅದು ನಿಮ್ಮದೇನಾ?’ ಎಂದು ಅವರು ಸಂಕೋಚದಿಂದಲೇ ಕೇಳಿದರು. ನಾನು ಕಂಪ್ಯೂಟರ್ ತೆರೆದು ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ವಿಳಾಸ ನಮ್ಮದೇ. ಊರಿನ ಪ್ರೌಢಶಾಲೆಯ ಕಾಂಪೌಂಡಿನ ಮೇಲೆ ದಪ್ಪ ಅಕ್ಷರಗಳಲ್ಲಿ ನಾವೇ ಬರೆಸಿದ್ದ ವಿಳಾಸ. ಆದರೆ ಒಳಗಿದ್ದುದು ಜೂಜುಕಟ್ಟೆ.

ನಡೆದದ್ದು ಇಷ್ಟು. ಹತ್ತು ವರ್ಷಗಳ ಹಿಂದೆ ಆ ಜಾಲತಾಣವನ್ನು ಪ್ರೀತಿಯಿಂದ ಮಾಡಿಕೊಟ್ಟವನು ನಮ್ಮಿಂದಲೇ ವಿದ್ಯಾರ್ಥಿವೇತನ ಪಡೆದಿದ್ದ ಹುಡುಗ. ಹೆಸರನ್ನು ಅವನು ತನ್ನ ಅಂದಿನ ಕಚೇರಿಯ ಇ-ಮೇಲ್ ವಿಳಾಸ ಕೊಟ್ಟು ನೋಂದಾಯಿಸಿದ್ದ. ಮುಂದೆ ಕೆಲಸ ಬದಲಾಯಿಸಿ ವಿದೇಶಕ್ಕೆ ಹೋದ. ನವೀಕರಣದ ಸೂಚನೆಗಳೆಲ್ಲ ಯಾರೂ ತೆರೆಯದ ಆ ಅಂಚೆಪೆಟ್ಟಿಗೆಗೆ ಹೋಗಿ ಬಿದ್ದವು. ವರ್ಷಕ್ಕೆ ಒಂದು ಸಾವಿರ ರೂಪಾಯಿಯನ್ನೂ ಮುಟ್ಟದ ಶುಲ್ಕ ಕಟ್ಟುವವರಿಲ್ಲದೆ ಹೆಸರು ಕೈಬಿಟ್ಟಿತು. ನಮ್ಮ ಟ್ರಸ್ಟಿನ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಆರು ಕುರ್ಚಿ, ಎರಡು ಬೀರು, ಒಂದು ಗೋಡೆ ಗಡಿಯಾರದ ಲೆಕ್ಕವಿದೆ. ಸಾವಿರಾರು ಕುಟುಂಬಗಳು ನಮ್ಮನ್ನು ಗುರುತಿಸುತ್ತಿದ್ದ ಹೆಸರಿನ ಲೆಕ್ಕ ಅದರಲ್ಲಿ ಇರಲಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಇದಕ್ಕಿಂತ ನಾಚಿಕೆಯ ಸಂಗತಿ ಬೇಕಿರಲಿಲ್ಲ.

ಆ ಬಳಿಕ ಈ ವ್ಯವಹಾರದ ಒಳಹೊರಗನ್ನು ಸ್ವಲ್ಪ ಓದಿಕೊಂಡೆ. ಓದುತ್ತಾ ಹೋದಂತೆ ಸ್ಪಷ್ಟವಾದದ್ದು ಒಂದೇ ಸಂಗತಿ. ಒಂದು ಹೆಸರಿನ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಜಗತ್ತಿನಲ್ಲಿ ನೂರಾರು ಕಣ್ಣುಗಳು ಹಗಲಿರುಳು ನೋಡುತ್ತಿರುತ್ತವೆ. ನೋಡದೆ ಇರುವವನು ಸಾಮಾನ್ಯವಾಗಿ ಅದರ ಮಾಲೀಕನೊಬ್ಬನೇ.

ಮಾಲೀಕ ಎಂಬ ಪದವೂ ಇಲ್ಲಿ ಪೂರ್ತಿ ಸರಿಯಲ್ಲ. ಅಂತರ್ಜಾಲದ ಹೆಸರನ್ನು ಯಾರೂ ಕೊಳ್ಳುವುದಿಲ್ಲ, ಗುತ್ತಿಗೆಗೆ ಪಡೆಯುತ್ತಾರೆ. ಗುತ್ತಿಗೆಯ ಅವಧಿ ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು ವರ್ಷ. ಹದಿನೈದು ಕೋಟಿಗೂ ಹೆಚ್ಚಿರುವ ‘ಡಾಟ್ ಕಾಮ್’ ಹೆಸರುಗಳ ಮೂಲ ದಾಖಲೆ ಅಮೆರಿಕದ ವೆರಿಸೈನ್ ಕಂಪನಿಯ ಬಳಿ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಅದು ಒಂದು ಹೆಸರಿಗೆ ವರ್ಷಕ್ಕೆ ನಿಗದಿ ಮಾಡಿದ ಸಗಟು ದರ 10.26 ಡಾಲರ್. ನಮಗೆ ನಿಮಗೆ ಹೆಸರು ಮಾರುವವರು ರಿಜಿಸ್ಟ್ರಾರ್ ಎಂದು ಕರೆಸಿಕೊಳ್ಳುವ ಚಿಲ್ಲರೆ ವ್ಯಾಪಾರಿಗಳು. ಇವರಿಗೆಲ್ಲ ಮಾನ್ಯತೆ ಕೊಟ್ಟು ನಿಯಮ ರೂಪಿಸುವುದು ಕ್ಯಾಲಿಫೋರ್ನಿಯಾದಲ್ಲಿರುವ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ. ಇತ್ತೀಚಿನ ವರ್ಷಗಳಲ್ಲಿ ಅವಧಿ ಮುಗಿಯುವ ಡಾಟ್ ಕಾಮ್ ಹೆಸರುಗಳಲ್ಲಿ ನವೀಕರಣಗೊಳ್ಳುವುದು ಸುಮಾರು ಮುಕ್ಕಾಲು ಪಾಲು. ಉಳಿದ ಕಾಲು ಪಾಲಿನಲ್ಲಿ ಹೆಚ್ಚಿನವು ಯಾರಿಗೂ ಬೇಡವಾದವು. ಕೆಲವು ಮಾತ್ರ ನಮ್ಮದರಂತೆ ಮರೆತುಹೋದವು.

ಮರೆವಿಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. 1999ರ ಕ್ರಿಸ್‌ಮಸ್ ವೇಳೆ ಮೈಕ್ರೊಸಾಫ್ಟ್ ಕಂಪನಿ ತನ್ನ ‘ಪಾಸ್‌ಪೋರ್ಟ್ ಡಾಟ್ ಕಾಮ್’ ಹೆಸರಿನ 35 ಡಾಲರ್ ಶುಲ್ಕ ಕಟ್ಟಲು ಮರೆತಿತ್ತು. ಹಾಟ್‌ಮೇಲ್ ಬಳಕೆದಾರರಿಗೆ ತಮ್ಮ ಅಂಚೆ ತೆರೆಯಲಾಗಲಿಲ್ಲ. ಕೊನೆಗೆ ಅಮೆರಿಕದ ಒಬ್ಬ ಲಿನಕ್ಸ್ ತಂತ್ರಜ್ಞ ತನ್ನ ಕ್ರೆಡಿಟ್ ಕಾರ್ಡಿನಿಂದ ಆ ಶುಲ್ಕ ಕಟ್ಟಿ ಲೋಕದ ದೈತ್ಯ ಕಂಪನಿಯ ಮಾನ ಉಳಿಸಿದ. ನಾಲ್ಕೇ ವರ್ಷದಲ್ಲಿ, 2003ರಲ್ಲಿ, ಅದೇ ಕಂಪನಿ ಹಾಟ್‌ಮೇಲಿನ ಬ್ರಿಟನ್ ವಿಳಾಸವನ್ನೂ ಹೀಗೆಯೇ ಕೈಬಿಟ್ಟಿತು. ದೊಡ್ಡವರಿಗೆ ಹೋದದ್ದು ಮರಳಿ ಬರುತ್ತದೆ. ವಕೀಲರಿದ್ದಾರೆ, ಪತ್ರಿಕೆಗಳು ಬರೆಯುತ್ತವೆ.

ಅವಧಿ ಮುಗಿದ ಕ್ಷಣವೇ ಹೆಸರು ಪರರ ಪಾಲಾಗುವುದಿಲ್ಲ, ನಿಜ. ಡಾಟ್ ಕಾಮ್‌ನಂಥ ಹೆಸರುಗಳನ್ನು ರಿಜಿಸ್ಟ್ರಾರ್ 45 ದಿನಗಳವರೆಗೆ ಇಟ್ಟುಕೊಂಡಿರಬಹುದು. ಆಮೇಲೆ ಅಳಿಸಿದರೂ ಮೂಲ ದಾಖಲೆಯಲ್ಲಿ 30 ದಿನಗಳ ವಿಮೋಚನಾ ಅವಧಿ ಇರುತ್ತದೆ. ಆಗ ಹಳೆಯ ಗುತ್ತಿಗೆದಾರ ಹೆಚ್ಚುವರಿ ದಂಡ ತೆತ್ತು ಹೆಸರನ್ನು ಬಿಡಿಸಿಕೊಳ್ಳಬಹುದು. ಕೊನೆಯ ಐದು ದಿನ ಯಾರಿಗೂ ಏನೂ ಮಾಡಲಾಗದು. ನಂತರ ಹೆಸರು ಬಯಲಿಗೆ ಬೀಳುತ್ತದೆ, ಮೊದಲು ಹಿಡಿದವನದು. ಒಟ್ಟು ಹೆಚ್ಚೆಂದರೆ 80 ದಿನ. 2013ರಲ್ಲಿ ಜಾರಿಗೆ ಬಂದ ಐಕ್ಯಾನ್ ನಿಯಮದ ಪ್ರಕಾರ ಅವಧಿಗೆ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು ಮತ್ತು ಮುಗಿದ ಐದು ದಿನಗಳೊಳಗೆ ಸೂಚನೆ ಕಳುಹಿಸಬೇಕು. ಕಳುಹಿಸುವುದಷ್ಟೇ ಅವರ ಹೊಣೆ, ತಲುಪಿಸುವುದಲ್ಲ.

ನಾನು ತಹಶೀಲ್ದಾರನಾಗಿದ್ದ ಕಾಲ ನೆನಪಾಗುತ್ತದೆ. ಕಂದಾಯ ಬಾಕಿಗೆ ಒಬ್ಬ ರೈತನ ಜಮೀನನ್ನು ಹರಾಜು ಹಾಕಬೇಕಾದರೆ ಅವನಿಗೆ ನೋಟಿಸ್ ಜಾರಿಯಾಗಬೇಕು, ಚಾವಡಿಗೆ ಪ್ರಕಟಣೆ ಅಂಟಿಸಬೇಕು, ಊರಲ್ಲಿ ಡಂಗುರ ಸಾರಬೇಕು. ಸವಾಲು ಕೂಗಿದ ಮೇಲೂ ಬಾಕಿ ಕಟ್ಟಿ ಜಮೀನು ಉಳಿಸಿಕೊಳ್ಳುವ ಅವಕಾಶ ಇತ್ತು. ಇದೆಲ್ಲ ಬ್ರಿಟಿಷರ ಕಾಲದ ನಿಧಾನ ಎಂದು ಆಗ ನಾವೇ ಗೊಣಗಿದ್ದುಂಟು. ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದ ಮೇಲೂ ವಾರಸುದಾರ ಬಂದು ಕೇಳಬಹುದು. ಅಂಥವರು ಹುಡುಕಿಕೊಳ್ಳಲೆಂದೇ 2023ರಲ್ಲಿ ‘ಉದ್ಗಮ್’ ಎಂಬ ತಾಣವನ್ನು ರಿಸರ್ವ್ ಬ್ಯಾಂಕ್ ತೆರೆಯಿತು. ಐನೂರು ರೂಪಾಯಿಯ ಠೇವಣಿಗೆ ಇರುವ ಈ ಕಾಳಜಿ ಒಂದು ಸಂಸ್ಥೆಯ ಹೆಸರಿಗೆ ಇಲ್ಲ.

ಇನ್ನು ಕಾದು ಕುಳಿತವರ ವಿಷಯ. ಅವರ ಕೆಲಸ ಕಳ್ಳತನವಲ್ಲ, ಅದಕ್ಕೆ ಬೇಕಾದ ಮಾಹಿತಿಯೆಲ್ಲ ಅಧಿಕೃತವಾಗಿಯೇ ಸಿಗುತ್ತದೆ. ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದವುಗಳಲ್ಲಿ ಚಾಲ್ತಿಯಲ್ಲಿರುವ ಎಲ್ಲ ಹೆಸರುಗಳ ಪಟ್ಟಿಯನ್ನು ಅರ್ಜಿ ಹಾಕಿದವರಿಗೆ ಐಕ್ಯಾನ್ ವ್ಯವಸ್ಥೆಯ ಮೂಲಕ ದಿನವೂ ಕೊಡಲಾಗುತ್ತದೆ. ನಿನ್ನೆಯ ಪಟ್ಟಿಯಲ್ಲಿದ್ದು ಇಂದಿನದರಲ್ಲಿ ಇಲ್ಲದ ಹೆಸರು ಯಾವುದೆಂದು ಯಂತ್ರ ಹೋಲಿಸಿ ತೆಗೆಯುತ್ತದೆ. ಪ್ರತಿ ಹೆಸರಿನ ನೋಂದಣಿ ದಾಖಲೆಯಲ್ಲಿ ಅವಧಿ ಮುಗಿಯುವ ದಿನಾಂಕ ಯಾರು ಬೇಕಾದರೂ ನೋಡುವಂತೆ ಇರುತ್ತದೆ. ಹೆಸರು ವಿಮೋಚನಾ ಅವಧಿಯಲ್ಲಿದೆಯೇ, ಅಳಿಸುವ ಹಂತದಲ್ಲಿದೆಯೇ ಎಂಬ ಷರಾ ಕೂಡ ಅಲ್ಲೇ ಇರುತ್ತದೆ.

ದಿನಕ್ಕೆ ಹತ್ತಾರು ಸಾವಿರ ಹೆಸರು ಉದುರುವಾಗ ಜೊಳ್ಳನ್ನು ತೂರಿ ಕಾಳು ಆರಿಸುವುದೇ ಇಲ್ಲಿನ ಕಸುಬು. ಹೆಸರಿಗೆ ಎಷ್ಟು ವಯಸ್ಸಾಗಿದೆ? ಬೇರೆ ಯಾವ ಯಾವ ತಾಣಗಳು ಅದನ್ನು ಉಲ್ಲೇಖಿಸಿ ಕೊಂಡಿ ಕೊಟ್ಟಿವೆ? ವಿಶ್ವವಿದ್ಯಾಲಯದ್ದೋ ಪತ್ರಿಕೆಯದೋ ಕೊಂಡಿಯಿದ್ದರೆ ಬೆಲೆ ಹೆಚ್ಚು. ಹಿಂದೆ ಆ ತಾಣದಲ್ಲಿ ಏನಿತ್ತು ಎಂಬುದನ್ನು ಇಂಟರ್ನೆಟ್ ಆರ್ಕೈವ್‌ನ ಹಳೆಯ ಪ್ರತಿಗಳಲ್ಲಿ ನೋಡುತ್ತಾರೆ. ಒಬ್ಬ ಒಳ್ಳೆಯ ಶಿರಸ್ತೇದಾರ ಜಮೀನಿನ ಹಿಂದಿನ ಪಹಣಿಗಳನ್ನು ತಿರುವಿ ಹಾಕುವಷ್ಟೇ ಶ್ರದ್ಧೆ ಇಲ್ಲಿಯೂ ಇದೆ. ನಮ್ಮ ಟ್ರಸ್ಟಿನ ಹೆಸರಿಗೆ ಜಿಲ್ಲೆಯ ಐದಾರು ಕಾಲೇಜುಗಳ ತಾಣಗಳಿಂದ ಕೊಂಡಿ ಇತ್ತು. ಅದರ ಬೆಲೆ ನಮಗೆ ಗೊತ್ತಿರಲಿಲ್ಲ. ದೂರದಲ್ಲೆಲ್ಲೋ ಕುಳಿತವರಿಗೆ ಗೊತ್ತಿತ್ತು.

ಕೊನೆಯ ಹಂತ ಓಟದ ಪಂದ್ಯ. ಡಾಟ್ ಕಾಮ್ ಹೆಸರುಗಳು ಬಯಲಿಗೆ ಬೀಳುವುದು ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ, ಅಂದರೆ ನಮ್ಮ ಮಧ್ಯರಾತ್ರಿಯ ಆಸುಪಾಸು. ನಾವು ಮಲಗಿರುವ ಆ ಹೊತ್ತಿನಲ್ಲಿ ಸೆಕೆಂಡಿನ ಅಲ್ಪಭಾಗದಲ್ಲಿ ಸಾವಿರಾರು ಕೋರಿಕೆಗಳು ಒಟ್ಟಿಗೇ ವೆರಿಸೈನ್ ಯಂತ್ರದ ಬಾಗಿಲು ಬಡಿಯುತ್ತವೆ. ಒಂದು ರಿಜಿಸ್ಟ್ರಾರ್ ಮಾನ್ಯತೆಗೆ ಇಂತಿಷ್ಟೇ ಸಂಪರ್ಕ ಎಂಬ ಮಿತಿಯಿದೆ. ಅದನ್ನು ದಾಟಲು ಸಂಸ್ಥೆಗಳು ಕಾಗದದ ಮೇಲೆ ಮಾತ್ರ ಇರುವ ಕಂಪನಿಗಳನ್ನು ಸಾಲುಸಾಲಾಗಿ ಹುಟ್ಟಿಸಿದವು. ಡ್ರಾಪ್‌ಕ್ಯಾಚ್ ಎಂಬ ಸಂಸ್ಥೆ 2016ರಲ್ಲಿ ಒಮ್ಮೆಲೇ ಐನೂರು ಹೊಸ ಮಾನ್ಯತೆಗಳನ್ನು ಪಡೆದಾಗ ಅದರ ಕೈಯಲ್ಲಿದ್ದವುಗಳ ಸಂಖ್ಯೆ ಸಾವಿರ ದಾಟಿತ್ತು. ಒಂದೊಂದಕ್ಕೂ ಐಕ್ಯಾನ್‌ಗೆ ವರ್ಷಕ್ಕೆ 4,000 ಡಾಲರ್ ಶುಲ್ಕ. ಹತ್ತು ಡಾಲರ್ ಮುಖಬೆಲೆಯ ಸರಕಿಗಾಗಿ ಇಷ್ಟು ಬಂಡವಾಳ ಹೂಡುತ್ತಾರೆಂದರೆ ಅದರ ನಿಜ ಬೆಲೆ ಹತ್ತು ಡಾಲರ್ ಅಲ್ಲ ಎಂದು ತಿಳಿಯಲು ಅರ್ಥಶಾಸ್ತ್ರದ ಎಂ.ಎ. ಬೇಕಿಲ್ಲ.

ಬಹಳಷ್ಟು ಒಳ್ಳೆಯ ಹೆಸರುಗಳು ಈ ಬಯಲಿಗೂ ಬರುವುದಿಲ್ಲ. ಆ 45 ದಿನಗಳು ಮುಗಿಯುವ ಮೊದಲೇ ಅನೇಕ ರಿಜಿಸ್ಟ್ರಾರುಗಳು ತಾವೇ ಹರಾಜು ನಡೆಸಿ, ಹಳೆಯ ಗ್ರಾಹಕ ನವೀಕರಿಸದಿದ್ದರೆ ಗೆದ್ದವನ ಹೆಸರಿಗೆ ವರ್ಗಾಯಿಸಿಬಿಡುತ್ತಾರೆ. ಆಗ 30 ದಿನಗಳ ವಿಮೋಚನಾ ಅವಧಿಯ ಪ್ರಶ್ನೆಯೇ ಬರುವುದಿಲ್ಲ. ನವೀಕರಣದಿಂದ ಸಿಗುವುದು ಕೆಲವೇ ಡಾಲರ್, ಹರಾಜಿನಿಂದ ನೂರಾರು. ಗ್ರಾಹಕನಿಗೆ ನೆನಪಿಸಬೇಕಾದವನಿಗೆ ಅವನ ಮರೆವಿನಿಂದಲೇ ಲಾಭ. ಬೇಲಿಯೇ ಎದ್ದು ಹೊಲ ಮೇಯಲು ನಿಯಮವೇ ಅನುಮತಿ ಕೊಟ್ಟಂತಾಯಿತು. ಹರಾಜಿನ ಶುದ್ಧತೆಯೂ ಪ್ರಶ್ನಾತೀತವಲ್ಲ. ಈ ವ್ಯಾಪಾರದಲ್ಲಿ ಹೆಸರಾದ ಸ್ನ್ಯಾಪ್‌ನೇಮ್ಸ್ ಸಂಸ್ಥೆಯ ಉದ್ಯೋಗಿಯೊಬ್ಬ 2005ರಿಂದ ಸುಳ್ಳು ಹೆಸರಿನಲ್ಲಿ ಸವಾಲು ಕೂಗುತ್ತಿದ್ದುದು 2009ರಲ್ಲಿ ಹೊರಬಂತು. ಸಂಸ್ಥೆಯೇ ಅದನ್ನು ಒಪ್ಪಿಕೊಂಡು ನೊಂದ ಗ್ರಾಹಕರಿಗೆ ಬಡ್ಡಿಸಹಿತ ಹಣ ಹಿಂದಿರುಗಿಸಲು ಮುಂದಾಯಿತು.

ಕೊಂಡವರು ಮಾಡುವುದೇನು? ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುತ್ತದೆ. ‘ದಿ ಹೇರ್‌ಪಿನ್’ ಎಂಬ ಅಮೆರಿಕದ ಮಹಿಳಾ ಜಾಲಪತ್ರಿಕೆ 2010ರಲ್ಲಿ ಶುರುವಾಗಿ 2018ರಲ್ಲಿ ನಿಂತಿತು. ಅನೇಕ ಲೇಖಕಿಯರು ಬೆಳೆದ ತಾಣ ಅದು. ಅದರ ಹೆಸರು ಮುಂದೆ ಸರ್ಬಿಯಾದ ಒಬ್ಬ ವ್ಯಾಪಾರಿಯ ಕೈಸೇರಿ, ಕೃತಕ ಬುದ್ಧಿಮತ್ತೆ ಬರೆದ ಹುರುಳಿಲ್ಲದ ಲೇಖನಗಳಿಂದ ತುಂಬಿಹೋದದ್ದು 2024ರ ಆರಂಭದಲ್ಲಿ ಸುದ್ದಿಯಾಯಿತು. ಅಯೋವಾ ರಾಜ್ಯದ ಒಂದು ಸಣ್ಣ ಊರಿನ ಪತ್ರಿಕೆ ‘ಕ್ಲೇಟನ್ ಕೌಂಟಿ ರಿಜಿಸ್ಟರ್’ನ ಹೆಸರಿಗೂ ಅದೇ ವರ್ಷ ಅದೇ ಗತಿಯಾದದ್ದು ಬೆಳಕಿಗೆ ಬಂತು. ಓದುಗರು ದಶಕಗಳ ಕಾಲ ಇಟ್ಟ ನಂಬಿಕೆ ಹೆಸರಿನೊಂದಿಗೆ ಉಚಿತವಾಗಿ ವರ್ಗವಾಗುತ್ತದೆ. ನ್ಯಾಯಾಲಯಗಳೂ ಇದರಿಂದ ಪಾರಾಗಿಲ್ಲ. 2011ರ ತೀರ್ಪೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅಲಿಟೊ ಒಂದು ಜಾಲಪುಟವನ್ನು ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸಿದರು. ಮುಂದೆ ಆ ಹೆಸರಿನ ಅವಧಿ ಮುಗಿಯಿತು. ಯಾರೋ ಕೊಂಡು, ಈ ಪುಟವನ್ನು ನೀವು ಉಲ್ಲೇಖಿಸಲಿಲ್ಲವೆಂದು ಸಂತೋಷಪಡಿ ಎಂಬ ಅರ್ಥದ ಕುಚೋದ್ಯದ ಬರಹವನ್ನು ಅಲ್ಲಿ ಹಾಕಿದರು. ನಕ್ಕು ಮರೆಯಬಹುದಾದ ಪ್ರಸಂಗವೇನೂ ಅಲ್ಲ. ಆ ನ್ಯಾಯಾಲಯದ ತೀರ್ಪುಗಳಲ್ಲಿದ್ದ ಜಾಲಕೊಂಡಿಗಳ ಪೈಕಿ ಸುಮಾರು ಅರ್ಧದಷ್ಟು ಮೂಲ ಬರಹಕ್ಕೆ ಒಯ್ಯುತ್ತಿಲ್ಲವೆಂದು ಹಾರ್ವರ್ಡ್ ವಿದ್ವಾಂಸರ ಅಧ್ಯಯನ ತೋರಿಸಿದೆ.

ಇದಕ್ಕಿಂತ ಗಂಭೀರವಾದದ್ದು ಅಂಚೆ. ಹೆಸರು ಯಾರ ಕೈಯಲ್ಲಿದೆಯೋ ಆ ಹೆಸರಿಗೆ ಬರುವ ಇ-ಮೇಲ್ ಅವರ ಕೈಗೇ. ಹಳೆಯ ಕಕ್ಷಿದಾರರ, ಬ್ಯಾಂಕಿನ, ರೋಗಿಗಳ ಪತ್ರಗಳು ಹೊಸಬನ ಪೆಟ್ಟಿಗೆಗೆ ಬಂದು ಬೀಳುತ್ತವೆ. ಹಳೆಯ ವಿಳಾಸಕ್ಕೆ ಜೋಡಿಸಿದ ಖಾತೆಗಳ ಗುಪ್ತಪದವನ್ನೂ ಬದಲಾಯಿಸಬಹುದು. 2018ರಲ್ಲಿ ಆಸ್ಟ್ರೇಲಿಯಾದ ಭದ್ರತಾ ಸಂಶೋಧಕರೊಬ್ಬರು ವಕೀಲರ ಕಚೇರಿಗಳು ಕೈಬಿಟ್ಟ ಹೆಸರುಗಳನ್ನು ಕೊಂಡು ಇದನ್ನು ಪ್ರತ್ಯಕ್ಷ ತೋರಿಸಿದರು. ಬೆಲ್ಜಿಯಂನಲ್ಲಿ 2024ರಲ್ಲಿ ಇನ್ನೊಬ್ಬ ಸಂಶೋಧಕ ಸಮಾಜ ಕಲ್ಯಾಣ ಕೇಂದ್ರ, ಪೊಲೀಸ್ ಮುಂತಾದ ಸಾರ್ವಜನಿಕ ಸಂಸ್ಥೆಗಳು ಬಿಟ್ಟಿದ್ದ ನೂರಕ್ಕೂ ಹೆಚ್ಚು ಹೆಸರುಗಳನ್ನು ಕೊಂಡಾಗಲೂ ಆದದ್ದು ಅದೇ. ಅದೇ ವರ್ಷ ‘ಡಾಟ್ ಮೊಬಿ’ ಹೆಸರುಗಳ ನೋಂದಣಿ ಮಾಹಿತಿ ಕೊಡುತ್ತಿದ್ದ ಹಳೆಯ ಸೇವೆಯ ಹೆಸರೇ ಅವಧಿ ಮುಗಿದು ಬಿದ್ದಿತ್ತು. ಭದ್ರತಾ ತಜ್ಞರು ಅದನ್ನು 20 ಡಾಲರಿಗೆ ಕೊಂಡರು. ಕೆಲವೇ ದಿನಗಳಲ್ಲಿ 1,35,000ಕ್ಕೂ ಹೆಚ್ಚು ಯಂತ್ರಗಳು, ಅವುಗಳಲ್ಲಿ ಸರ್ಕಾರಗಳದ್ದೂ ಸೇನೆಗಳದ್ದೂ ಸೇರಿದಂತೆ, ಆ ಹಳೆಯ ವಿಳಾಸವನ್ನೇ ನಂಬಿ ಪ್ರಶ್ನೆ ಕೇಳತೊಡಗಿದವು. ಕೊಂಡವರು ಸಜ್ಜನರಾಗಿದ್ದುದು ಅದೃಷ್ಟ.

ಹಾಗೆಂದು ಈ ಮಾರುಕಟ್ಟೆಯನ್ನೇ ಮುಚ್ಚಬೇಕೆಂದು ನಾನು ಹೇಳಲಾರೆ. ಬಳಸದ ಹೆಸರನ್ನು ಸತ್ತವರ ಕೈಯಲ್ಲೇ ಶಾಶ್ವತವಾಗಿ ಉಳಿಸುವುದು ಬೀಳು ಭೂಮಿ ಹಿಡಿದಿಟ್ಟಂತೆ. ಹೊಸ ಉದ್ಯಮಿಗೆ ಒಳ್ಳೆಯ ಹೆಸರು ಸಿಗಬೇಕು, ಅದಕ್ಕೆ ಬೆಲೆಯೂ ಇರಬೇಕು. ನನ್ನ ತಕರಾರು ಬೇರೆಯದು. ಹೆಸರಿನ ಜೊತೆಗೆ ಮಾರಾಟವಾಗುವ ನಂಬಿಕೆಯನ್ನು ಗಳಿಸಿದವರು ಬೇರೆ, ಅದಕ್ಕೆ ಮೋಸಹೋಗುವವರು ಬೇರೆ. ಅವರಿಬ್ಬರೂ ಆ ವ್ಯಾಪಾರದಲ್ಲಿ ಕಕ್ಷಿಗಳಲ್ಲ. ಹೀಗೆ ಮೂರನೆಯವರ ಮೇಲೆ ಬೀಳುವ ವೆಚ್ಚವನ್ನು ಮಾರುಕಟ್ಟೆ ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳದು. ನಿಯಮ ಬೇಕು.

ನಿಯಮದಿಂದ ಏನೂ ಆಗದು ಎನ್ನುವವರಿಗೆ ಒಂದು ಉದಾಹರಣೆ ಇದೆ. ಹೊಸದಾಗಿ ಕೊಂಡ ಹೆಸರನ್ನು ಐದು ದಿನಗಳೊಳಗೆ ಹಿಂದಿರುಗಿಸಿದರೆ ಪೂರ್ತಿ ಹಣ ವಾಪಸು ಎಂಬ ಸವಲತ್ತನ್ನು ಬಳಸಿಕೊಂಡು ಕೆಲವರು ಲಕ್ಷಗಟ್ಟಲೆ ಹೆಸರುಗಳನ್ನು ‘ರುಚಿ ನೋಡಿ’ ಬಿಡುತ್ತಿದ್ದರು. ಮಿತಿಮೀರಿ ಹಿಂದಿರುಗಿಸುವುದಕ್ಕೆ ಐಕ್ಯಾನ್ ಶುಲ್ಕ ವಿಧಿಸಿತು. 2009ರ ಏಪ್ರಿಲ್ ಹೊತ್ತಿಗೆ ಈ ಚಾಳಿ ಶೇ 99.7ರಷ್ಟು ಇಳಿಯಿತು.

ನಮ್ಮ ದೇಶದಲ್ಲಿ ಅರ್ಧ ಕೆಲಸ ಆಗಿದೆ ಎನ್ನಬೇಕು. ‘ಗೌ ಡಾಟ್ ಇನ್’ ಹೆಸರುಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಸರ್ಕಾರಿ ಕಚೇರಿಗಳಿಗೆ ಮಾತ್ರ ಕೊಡುತ್ತದೆ. ವಿಶ್ವವಿದ್ಯಾಲಯಗಳ ‘ಎಸಿ ಡಾಟ್ ಇನ್’ ಅರ್ನೆಟ್ ಇಂಡಿಯಾದ ಕೈಯಲ್ಲಿದೆ. ಅಂಥ ಹೆಸರಿನ ಅವಧಿ ಮುಗಿದರೂ ಜೂಜುಕೋರ ಅದನ್ನು ಕೊಳ್ಳಲಾರ. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2025ರಲ್ಲಿ ಇದೇ ದಾರಿ ಹಿಡಿದು, ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ‘ಬ್ಯಾಂಕ್ ಡಾಟ್ ಇನ್’ ಹೆಸರಿಗೆ ಬರಬೇಕೆಂದು ಆದೇಶಿಸಿತು. ಸ್ವಾಗತಾರ್ಹ ಕ್ರಮ. ಆದರೆ ಬಿಟ್ಟುಬಂದ ಹಳೆಯ ಹೆಸರುಗಳನ್ನು ಎಷ್ಟು ವರ್ಷ ನವೀಕರಿಸುತ್ತಲೇ ಇರಬೇಕು ಎಂಬ ಪ್ರಶ್ನೆಗೂ ಅಷ್ಟೇ ಬಿಗಿ ಬೇಕು. ಗ್ರಾಹಕರ ಪಾಸ್‌ಬುಕ್ಕುಗಳಲ್ಲಿ ಅಚ್ಚಾಗಿರುವುದು ಹಳೆಯ ಹೆಸರು.

ಈ ಆವರಣದ ಹೊರಗೆ ಉಳಿದವರು ಪತ್ತಿನ ಸಹಕಾರ ಸಂಘಗಳು, ಖಾಸಗಿ ಶಾಲೆಗಳು, ಮಠಗಳ ವಿದ್ಯಾಸಂಸ್ಥೆಗಳು, ಸಾಹಿತ್ಯ ಸಂಘಗಳು, ಸಣ್ಣ ಪತ್ರಿಕೆಗಳು, ನಮ್ಮಂಥ ಟ್ರಸ್ಟುಗಳು. ಇವರ ತಾಣ ಮಾಡಿಕೊಟ್ಟವನು ಯಾರೋ ಹುಡುಗ, ಗುಪ್ತಪದ ಅವನ ಬಳಿ. ಇಂಥವರಿಗೆ ನ್ಯಾಯಾಲಯದ ದಾರಿ ಇಲ್ಲವೆಂದಲ್ಲ. ಅಂತರ್ಜಾಲದ ಹೆಸರಿಗೂ ವ್ಯಾಪಾರ ಚಿಹ್ನೆಯ ಲಕ್ಷಣಗಳಿವೆ ಎಂದು ನಮ್ಮ ಸುಪ್ರೀಂ ಕೋರ್ಟ್ 2004ರಲ್ಲೇ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆ ದೂರು ಕೊಡಬಹುದು. ಅಲ್ಲಿ ಒಬ್ಬ ತೀರ್ಪುಗಾರನ ಮುಂದಿನ ದೂರಿಗೆ ಶುಲ್ಕ 1,500 ಡಾಲರ್, ವಕೀಲರ ಖರ್ಚು ಬೇರೆ. ಎದುರಾಳಿ ಯಾರೆಂದು ತಿಳಿಯುವುದೂ ಕಷ್ಟ. ನಮ್ಮಲ್ಲಿ ಪಹಣಿ ತೆಗೆಸಿದರೆ ಜಮೀನು ಯಾರದೆಂದು ಗೊತ್ತಾಗುತ್ತದೆ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ನೋಂದಣಿ ದಾಖಲೆಗಳಲ್ಲಿ ವ್ಯಕ್ತಿಯ ಹೆಸರು ವಿಳಾಸಗಳು ಬಹುತೇಕ ಮರೆಯಾಗಿವೆ.

ಡಾಟ್ ಇನ್ ಹೆಸರುಗಳ ಹೊಣೆ ಹೊತ್ತಿರುವ ನಿಕ್ಸಿ ಸಂಸ್ಥೆ 2005ರಲ್ಲಿ ಆ ಹೆಸರುಗಳನ್ನು ಎಲ್ಲರಿಗೂ ಮುಕ್ತಗೊಳಿಸಿತು. ಇಲ್ಲಿ ನಿಯಮ ಮಾಡಲು ಕ್ಯಾಲಿಫೋರ್ನಿಯಾದ ಅಪ್ಪಣೆ ಬೇಕಿಲ್ಲ. ಸ್ವೀಡನ್ ದೇಶದ ಸಂಸ್ಥೆ ಯಾವ ಹೆಸರು ಯಾವ ದಿನ ಬಯಲಿಗೆ ಬೀಳುತ್ತದೆ ಎಂಬ ಪಟ್ಟಿಯನ್ನು ತಾನೇ ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ವ್ಯಾಪಾರಿಗೆ ಸಿಗುವ ಮಾಹಿತಿ ಊರಿನವರಿಗೂ ಸಿಕ್ಕಿತು. ಇಂದಿನ ಡಂಗುರ ಅದು, ನಮ್ಮಲ್ಲೂ ಸಾರಲಿ. ಹಳೆಯ ಗುತ್ತಿಗೆದಾರನ ವಿಮೋಚನಾ ಅವಧಿ ಮುಗಿಯುವ ತನಕ ರಿಜಿಸ್ಟ್ರಾರ್ ಹರಾಜು ಹಾಕಬಾರದು. ನೋಂದಾಯಿತ ಸಂಘ, ಟ್ರಸ್ಟ್, ಶಾಲೆಗಳ ಹೆಸರನ್ನು 30 ದಿನದ ಬದಲು ಒಂದು ವರ್ಷ ತಡೆಹಿಡಿಯಲಿ. ಇನ್ನು ರಾಜ್ಯದ ಮಟ್ಟದಲ್ಲಿ ಆಗಬೇಕಾದದ್ದು ಬಹಳ ಸಣ್ಣದು. ಸಹಕಾರ ಸಂಘಗಳ, ನೋಂದಾಯಿತ ಸಂಘಗಳ ವಾರ್ಷಿಕ ಲೆಕ್ಕಪರಿಶೋಧನೆಯ ನಮೂನೆಯಲ್ಲಿ ಒಂದು ಸಾಲು ಸೇರಬೇಕು: ಜಾಲತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಯಾವ ದಿನಾಂಕಕ್ಕೆ ಮುಗಿಯುತ್ತದೆ. ಲೆಕ್ಕಪರಿಶೋಧಕರು ಕೇಳಿದರೆ ಕಾರ್ಯದರ್ಶಿಗಳು ಹುಡುಕುತ್ತಾರೆ. ಕೇಳದಿದ್ದರೆ ಹುಡುಕುವುದಿಲ್ಲ. ಇದು ನನ್ನ ಸೇವಾವಧಿಯ ಅನುಭವ.

ನಮ್ಮ ಟ್ರಸ್ಟಿನ ವಿಷಯಕ್ಕೆ ಬಂದರೆ, ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದೆವು. ಹೊಸ ಹಿಡುವಳಿದಾರನಿಗೆ ಮಧ್ಯವರ್ತಿಯ ಮೂಲಕ ಪತ್ರ ಬರೆದಾಗ ಅವನು ಕೇಳಿದ ಬೆಲೆ ನಾವು ಒಂದು ವರ್ಷದಲ್ಲಿ ಹಂಚುವ ವಿದ್ಯಾರ್ಥಿವೇತನದಷ್ಟಿತ್ತು. ಅಷ್ಟು ಮಕ್ಕಳ ಶುಲ್ಕ ಕೊಟ್ಟು ಹೆಸರು ಬಿಡಿಸಿಕೊಳ್ಳುವುದು ಬೇಡವೆಂದು ಸಭೆ ತೀರ್ಮಾನಿಸಿತು. ಬೇರೆ ಹೆಸರನ್ನು ಟ್ರಸ್ಟಿನ ಹೆಸರಿನಲ್ಲೇ ಹತ್ತು ವರ್ಷಕ್ಕೆ ನೋಂದಾಯಿಸಿ, ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಗೋಡೆ ಗಡಿಯಾರದ ಕೆಳಗಿನ ಸಾಲಿನಲ್ಲಿ ಬರೆದೆವು. ಶಾಲೆಯ ಕಾಂಪೌಂಡಿಗೆ ಸುಣ್ಣ ಬಳಿಸಿದೆವು. ಕಾಲೇಜುಗಳಿಗೆ ಪತ್ರ ಹೋಯಿತು, ಎರಡು ಕಾಲೇಜುಗಳ ತಾಣದಲ್ಲಿ ಹಳೆಯ ಕೊಂಡಿ ಇನ್ನೂ ಹಾಗೇ ಇದೆ. ಕಳೆದ ಜೂನ್‌ನಲ್ಲಿ ಒಬ್ಬ ಹುಡುಗ ಅಣ್ಣನ ಕಾಲದ ಹಳೆಯ ಅರ್ಜಿ ನಮೂನೆಯನ್ನು ಜೆರಾಕ್ಸ್ ಮಾಡಿಸಿ ತುಂಬಿ ಅಂಚೆಯಲ್ಲಿ ಕಳುಹಿಸಿದ್ದ. ಅದರ ತಲೆಬರಹದಲ್ಲಿ ಹಳೆಯ ವಿಳಾಸವೇ ಇತ್ತು.